ವಿಮಾನದ ಗಾಜಿನ ಮೇಲೆ ಊರಿನ ಹೆಸರು

ಗೋವೆಯಿಂದ ಮಂಗಳೂರಿಗೆ ಕರಾವಳಿಯನ್ನನುಸರಿಸಿ ಹಾರುವ ವಿಮಾನದಿಂದ, ನಿರಭ್ರವಾದ ಮಾಘಮಾಸದ ಪ್ರಾತಃಕಾಲದಲ್ಲಿ ಕೆಳಗೆ ನೋಡುವವನಿಗೆ ಮೊದಲು ಕುಮಟೆಯ ಅಘನಾಶಿನಿ, ಬಳಿಕ ಹೊನ್ನಾವರದ ಶರಾವತಿ, ಆಮೇಲೆ ಭಟ್ಕಳದ ಕಡಲಿನಲ್ಲಿ ನೇತ್ರಾಣಿ ದ್ವೀಪ ಕ್ರಮವಾಗಿ ಗೋಚರಿಸುವುವಾದರೂ, ಅಲ್ಲಿಯೇ ಹುಟ್ಟಿ ಬೆಳೆದವನು ಕೂಡ ಅಷ್ಟೆತ್ತರದಿಂದ ಅವನ್ನು ಗುರುತಿಸಲು ತಡವರಿಸುವುದುಂಟು. ಪಾರದರ್ಶಕವಾದ ಗಾಜಿನಲ್ಲಿ, ಹೊರಗಿನ ದೃಶ್ಯಕ್ಕೆ ಸರಿಹೊಂದುವಂತೆ ಹೆಸರು, ದಾರಿ, ಎತ್ತರಗಳನ್ನು ಮೂಡಿಸಿ ಈ ತಡವರಿಕೆಯನ್ನು ನೀಗುವ ವಿದ್ಯೆಯೇ ವರ್ಧಿತ ವಾಸ್ತವ, ಅಂದರೆ ಆಗ್ಮೆಂಟೆಡ್ ರಿಯಾಲಿಟಿ. ಯುದ್ಧವಿಮಾನಗಳಿಗೆ ಇದರ ಪರಿಚಯ ಹಳೆಯದು: ಬೆಂಗಳೂರಿನ ತೇಜಸ್ ವಿಮಾನಕ್ಕೆಂದು ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣ ಸಂಸ್ಥೆ ರೂಪಿಸಿದ ಗಾಜು, ಅಂಕಿಗಳನ್ನು ಅನಂತದೂರದಲ್ಲಿರುವಂತೆ ತೋರಿಸುವುದರಿಂದ, ಚಾಲಕನು ಆಕಾಶದಿಂದ ದೃಷ್ಟಿಯನ್ನು ಕೀಳದೆಯೇ ವೇಗವನ್ನು ಓದಬಲ್ಲನು.

ಕಷ್ಟವಿರುವುದು ಹೆಸರನ್ನು ಅದರ ನೆಲೆಯಲ್ಲಿ ನಿಲ್ಲಿಸುವುದರಲ್ಲಿ. ವಿಮಾನವಿರುವ ಸ್ಥಾನ ಉಪಗ್ರಹಗಳ ನೆರವಿನಿಂದ ಕೆಲವೇ ಮೀಟರುಗಳ ಮಟ್ಟಿಗೆ ತಿಳಿಯುವುದಾದರೂ, ಅದರ ಮುಖ ಎತ್ತ ತಿರುಗಿದೆಯೆಂಬ ಎಣಿಕೆಯಲ್ಲಿ ಒಂದೇ ಡಿಗ್ರಿ ತಪ್ಪಿದರೆ, 10 ಕಿಲೋಮೀಟರು ದೂರದ ವಸ್ತುವಿನ ಹೆಸರು ಸುಮಾರು 175 ಮೀಟರು ಸರಿದುಬಿಡುತ್ತದೆ. ಮುರುಡೇಶ್ವರದ ಗೋಪುರದ ಹೆಸರು ಆಗ ಕಡಲಿನ ಮೇಲೆ ನಿಂತೀತು. ಈ ತಪ್ಪನ್ನು ತಿದ್ದುವುದು ಗಣಕದೃಷ್ಟಿ. ಕ್ಯಾಮೆರಾ ಹಿಡಿದ ಚಿತ್ರವನ್ನು ಸಂಖ್ಯೆಗಳ ಸಾಲುಗಳಾಗಿ ಓದಿ, ಹೊಳಪು ಥಟ್ಟನೆ ಬದಲಾಗುವ ಅಂಚುಗಳನ್ನು ಹೆಕ್ಕಿ, ಅವನ್ನು ಭೂಪಟದೊಡನೆ ಅದು ತಾಳೆ ನೋಡುತ್ತದೆ. ಶರಾವತಿಯ ಮೇಲಿನ, 2 ಕಿಲೋಮೀಟರಿಗೂ ಮಿಕ್ಕಿದ ಕೊಂಕಣ ರೈಲ್ವೆಯ ಸೇತುವೆ ಇದಕ್ಕೆ ಹೇಳಿಮಾಡಿಸಿದಂತಿದೆ. ಅಳಿವೆಯ ಮರಳುದಿಣ್ಣೆಯಾದರೋ ಮಳೆಗಾಲದಿಂದ ಮಳೆಗಾಲಕ್ಕೆ ಆಕಾರ ಬದಲಿಸುವುದರಿಂದ ಅದನ್ನು ನಂಬಿದ ಯಂತ್ರ ದಾರಿ ತಪ್ಪದಿರದು. ಇನ್ನು ಆಷಾಢದ ಮೋಡ ಕವಿದರಂತೂ ಕ್ಯಾಮೆರಾಕ್ಕೆ ಸೇತುವೆಯೂ ಇಲ್ಲ, ದಿಣ್ಣೆಯೂ ಇಲ್ಲ.

ಅಂಚನ್ನು ಕಂಡಷ್ಟು ಸುಲಭವಾಗಿ ಯಂತ್ರಕ್ಕೆ ಅರ್ಥ ಕಾಣದೆಂಬುದು, 2024ರಲ್ಲಿ ಜೌಗುನೆಲಗಳ ಅಂತಾರಾಷ್ಟ್ರೀಯ ರಾಮ್‌ಸಾರ್ ಪಟ್ಟಿಗೆ ಸೇರಿದ ಅಘನಾಶಿನಿಯ ಅಳಿವೆಯಲ್ಲಿ ಸ್ಪಷ್ಟವಾಗುತ್ತದೆ. ಹಸುರೆಲೆ ಅವಕೆಂಪು ಕಿರಣಗಳನ್ನು ಬಲವಾಗಿ ಪ್ರತಿಫಲಿಸುತ್ತದೆ, ನೀರು ಹೀರಿಕೊಳ್ಳುತ್ತದೆ. ಆದ್ದರಿಂದ ಕಾಂಡ್ಲಾ (ಮ್ಯಾಂಗ್ರೋವ್) ವನವನ್ನು ಹೊಳೆಯಿಂದ ಬೇರ್ಪಡಿಸುವುದು ಯಂತ್ರಕ್ಕೆ ದೊಡ್ಡ ಮಾತಲ್ಲ. ಆದರೆ ಮಳೆಗಾಲದಲ್ಲಿ ಕಗ್ಗ ಭತ್ತವನ್ನು ಬೆಳೆದು, ಕೊಯ್ಲಿನ ಮೇಲೆ ಉಪ್ಪುನೀರಿಗೆ ತೂಬು ತೆರೆದು ಸಿಗಡಿಗೆ ನೆಲೆಯಾಗಿಸುವ ಗಜನಿ ಗದ್ದೆಯನ್ನು, ಫೆಬ್ರುವರಿಯ ಚಿತ್ರಗಳಿಂದಷ್ಟೇ ಕಲಿತ ಯಂತ್ರ ಬರಿಯ ನೀರೆಂದೇ ಬರೆಯುವುದು. ಎರಡೂ ಋತುಗಳ ಚಿತ್ರಗಳನ್ನು ಅದರ ಮುಂದಿಡಬೇಕು. ಯಾವ ತುಂಡು ಗದ್ದೆ, ಯಾವುದು ಹೊಳೆ ಎಂದು ಅವುಗಳಲ್ಲಿ ಗುರುತು ಹಾಕುವ ಕೆಲಸವನ್ನು, ನನ್ನ ಮತದಲ್ಲಿ, ಆ ತೂಬನ್ನು ತೆರೆಯುವ ರೈತನಿಗೇ ಒಪ್ಪಿಸತಕ್ಕದ್ದು.