ಐಪಿ ನಿಮ್ಮದು, ಕಿತಾಪತಿ ಇನ್ಯಾರದೋ

2007ರ ಆಗಸ್ಟ್ ಕೊನೆಯಲ್ಲಿ ಪುಣೆ ಪೊಲೀಸರು ಬೆಂಗಳೂರಿಗೆ ಬಂದು ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರನ್ನು ಎತ್ತಿಕೊಂಡು ಹೋದರು. ಆಗಿನ ಸಾಮಾಜಿಕ ಜಾಲತಾಣ ಆರ್ಕುಟ್‌ನಲ್ಲಿ ಶಿವಾಜಿಗೆ ಅವಮಾನವಾಗುವ ಚಿತ್ರ ಹಾಕಿದ ಆರೋಪ. ಹಿಡಿದ ಜಾಡು ಒಂದು ಐಪಿ ವಿಳಾಸ. ಅದು ಯಾರದೆಂದು ಇಂಟರ್ನೆಟ್ ಕಂಪನಿ ಕೊಟ್ಟ ವಿವರವೇ ತಪ್ಪಾಗಿತ್ತು. ಅವರು ಹೊರಬಂದಾಗ 50 ದಿನ ಜೈಲಲ್ಲಿ ಕಳೆದಿತ್ತು.

ಬೆಂಗಳೂರಿನ ಸುಂಕದಕಟ್ಟೆಯ ಬಾಡಿಗೆ ಮನೆಯ ಫೈಬರ್ ಲೈನಿನಲ್ಲೇ ಟಾರ್ ಎಕ್ಸಿಟ್ ರಿಲೇ ನಡೆಸುತ್ತೇನೆಂದು ಹೊರಡುವವರು ಈ ಪ್ರಕರಣ ತಿಳಿದಿರಬೇಕು. ಇಲ್ಲಂತೂ ಐಪಿ ನಿಜಕ್ಕೂ ನಿಮ್ಮದೇ. ಬಳಕೆದಾರರ ಗುರುತು ಮರೆಮಾಡುವ ಜಾಲ ಟಾರ್; ಅದನ್ನು ಬಳಸುವವರ ಸಂಪರ್ಕ ಸಾಮಾನ್ಯವಾಗಿ ರಿಲೇ ಎಂಬ ಮೂರು ಕಂಪ್ಯೂಟರ್ ದಾಟುತ್ತದೆ. ಜಾಲತಾಣಕ್ಕೆ ಕಾಣುವುದು ಕೊನೆಯದು, ಅಂದರೆ ಎಕ್ಸಿಟ್, ಮಾತ್ರ. ಪತ್ರಕರ್ತ ಹಾದುಹೋದರೂ ಪೋಲಿ ಹಾದುಹೋದರೂ ದೂರು ಬರುವುದು ಆ ಕೊನೆಯವರಿಗೆ.

ದೂರುಗಳಲ್ಲಿ ಬಹಳಷ್ಟನ್ನು ಬರೆಯುವುದು ಮನುಷ್ಯರಲ್ಲ, ಯಂತ್ರಗಳು. ‘ನಿಮ್ಮ ಐಪಿಯಿಂದ ನಮ್ಮ ಸರ್ವರ್‌ನ 22ನೇ ಪೋರ್ಟಿಗೆ ಲಾಗಿನ್ ಪ್ರಯತ್ನ’ ಎಂಬ ಒಕ್ಕಣೆ, ಕೆಳಗೆ ಸಾಲುಸಾಲು ಸಮಯ. ಇಲ್ಲವೇ ಸಿನಿಮಾ ಕದ್ದು ಇಳಿಸಿದ್ದಕ್ಕೆ ಕಾಪಿರೈಟ್ ನೋಟಿಸು. ಎಕ್ಸಿಟ್ ಬಾಡಿಗೆ ಸರ್ವರ್‌ನಲ್ಲಿದ್ದರೆ ದೂರು ಮೊದಲು ಅದನ್ನು ಕೊಟ್ಟ ಕಂಪನಿಗೆ ಹೋಗಿ, ಅಲ್ಲಿಂದ ನಿಮಗೆ ಬರುತ್ತದೆ. ಸುಮ್ಮನಿದ್ದರೆ ಸರ್ವರ್ ಬಂದ್. ಹಾಗಾಗಿ ಈ ಕೆಲಸದಲ್ಲಿ ಲಿನಕ್ಸ್ ಜ್ಞಾನಕ್ಕಿಂತ ಕಾಗದಪತ್ರದ ಶಿಸ್ತು ಹೆಚ್ಚು ಬೇಕು ಎಂಬುದು ನನ್ನ ಅಭಿಪ್ರಾಯ.

ಉತ್ತರ ಅಂದೇ ಹೋಗಬೇಕು, ಜಂಬವಿಲ್ಲದೆ: ಇದು ಟಾರ್ ಎಕ್ಸಿಟ್, ಯಾರು ಕಳುಹಿಸಿದ್ದೆಂಬ ದಾಖಲೆ ನನ್ನಲ್ಲಿಲ್ಲ, ನಿಮಗೆ ಬೇಡವಾದರೆ ಎಕ್ಸಿಟ್‌ಗಳ ಪಟ್ಟಿ ಟಾರ್ ಪ್ರಾಜೆಕ್ಟ್‌ನಲ್ಲೇ ಸಿಗುತ್ತದೆ, ಅದನ್ನಿಟ್ಟುಕೊಂಡು ತಡೆಯಬಹುದು, ಸದ್ಯಕ್ಕೆ ನಿಮ್ಮ ವಿಳಾಸಕ್ಕೆ ಹೋಗುವ ದಾರಿಯನ್ನು ನಾನೇ ಮುಚ್ಚಿದ್ದೇನೆ. ಈ ಮುಚ್ಚುವ ಕೆಲಸಕ್ಕೆ ರಿಲೇ ಎಲ್ಲಿಗೆ ಸಂಪರ್ಕ ಬಿಡಬೇಕೆಂದು ಹೇಳುವ ಎಕ್ಸಿಟ್ ಪಾಲಿಸಿಯಲ್ಲಿ ಒಂದು ಸಾಲು ಸಾಕು. ಸ್ಪಾಮ್ ಹೋಗುವ 25ನೇ ಪೋರ್ಟ್ ಮೊದಲೇ ಮುಚ್ಚಿರುತ್ತದೆ. ಆದರೆ ದೂರು ಬಂತೆಂದು ಹಾದುಹೋಗುವವರ ಸಂಚಾರವನ್ನು ಇಣುಕಿ ನೋಡಕೂಡದು; ಹಾಗೆ ಮಾಡಿದರೆ ರಿಲೇ ನಡೆಸುವುದಕ್ಕೇ ಅರ್ಥವಿಲ್ಲ.

ಪೊಲೀಸರ ವಿಷಯ ಬೇರೆ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂದಾಗ ಅಪ್ಪ ಅಮ್ಮಂದಿರು ಗೇಟಿನ ಮುಂದೆ ಹೇಗೆ ನಿಂತಿದ್ದರು ನೆನಪಿಸಿಕೊಳ್ಳಿ. ಅಂಥದ್ದೊಂದು ಮೇಲ್ ನಿಮ್ಮ ಐಪಿಯಿಂದ ಹೊರಟಂತೆ ಕಂಡರೆ, ಮನೆಗೆ ಬಂದ ಇನ್ಸ್‌ಪೆಕ್ಟರ್‌ಗೆ ಮೂರು ಕಂಪ್ಯೂಟರ್‌ಗಳ ಪಾಠ ಹೇಳುವುದು ಸುಲಭವಲ್ಲ. ಮಾಸ್ಕೋದಲ್ಲಿ ಎಕ್ಸಿಟ್ ನಡೆಸುತ್ತಿದ್ದ ಗಣಿತದ ಮೇಷ್ಟ್ರು ದ್ಮಿತ್ರಿ ಬೊಗಾತೋವ್ 2017ರ ಏಪ್ರಿಲ್‌ನಲ್ಲಿ ಇಂಥದ್ದೇ ಐಪಿ ಜಾಡಿನಿಂದ ಬಂಧನಕ್ಕೊಳಗಾಗಿ, ಮೊದಲು ಜೈಲು, ಆಮೇಲೆ ಗೃಹಬಂಧನ ಅನುಭವಿಸಿದರು. ಆರೋಪ ಕೈಬಿಟ್ಟಿದ್ದು ಮರುವರ್ಷ.

ಇಂಥ ಹೊತ್ತಿಗೆಂದೇ ಎಕ್ಸೊನೆರಾಟರ್ ಎಂಬ ಸೇವೆಯಿದೆ. ಐಪಿ ಮತ್ತು ದಿನಾಂಕ ಕೊಟ್ಟರೆ ಅಂದು ಅದು ಟಾರ್ ರಿಲೇ ಆಗಿತ್ತೋ ಇಲ್ಲವೋ ಹೇಳುತ್ತದೆ. ದಿನಾಂಕ ಮಾತ್ರ ಯುಟಿಸಿ ಲೆಕ್ಕದ್ದು. ನಮ್ಮ ಬೆಳಗಿನ ಐದೂವರೆಗೆ ಮುಂಚಿನ ಘಟನೆಯಾದರೆ ಹಿಂದಿನ ದಿನವನ್ನು ಹಾಕಬೇಕು.

ದೇಶದಲ್ಲೇ ಸರ್ವರ್ ಬಾಡಿಗೆಗೆ ಪಡೆಯುವವರು 2022ರ ಏಪ್ರಿಲ್ 28ರ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನವನ್ನೂ ಓದಿರಲಿ. ವರ್ಚುವಲ್ ಸರ್ವರ್ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಬಾಡಿಗೆಯ ಉದ್ದೇಶವನ್ನು 5 ವರ್ಷ ಇಟ್ಟುಕೊಳ್ಳಬೇಕು. ಎಕ್ಸಿಟ್ ನಡೆಸುತ್ತೇನೆಂದು ಮೊದಲೇ ಹೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಕ್ಷೇಮ.

ಮನೆಯ ಲೈನಿಗೆ ಬ್ರಿಡ್ಜ್ ಅಥವಾ ಸ್ನೋಫ್ಲೇಕ್ ಸಾಕು. ಅವು ಟಾರ್‌ಗೆ ಒಳಹೋಗುವ ದಾರಿಗಳಾದ್ದರಿಂದ ಇಂಥ ದೂರುಗಳ ಕಾಟವಿಲ್ಲ. ಎಕ್ಸಿಟ್ಟೇ ಬೇಕೆಂದರೆ ನಂಬಿಕಸ್ಥರೊಬ್ಬರನ್ನು ಜೊತೆಗೆ ಸೇರಿಸಿಕೊಂಡು, ದೂರಿನ ಮೇಲ್‌ಬಾಕ್ಸಿನ ಪಾಸ್‌ವರ್ಡ್ ಅವರಿಗೂ ಕೊಟ್ಟಿರಿ. ನೀವು ಹಬ್ಬಕ್ಕೆ ಊರಿಗೆ ಹೋದಾಗಲೂ ನೋಟಿಸು ಬರುತ್ತದೆ.