ವಿದ್ಯುತ್ ಫಲಕದ ಮುಂದಿನ ತೆರವು

ರಾಯಚೂರಿನ ಹತ್ತಿಯ ಜಿನ್ನುಗಳಲ್ಲಿಯೂ ಮಾನ್ವಿಯ ಅಕ್ಕಿ ಗಿರಣಿಗಳಲ್ಲಿಯೂ ಸುಗ್ಗಿಯ ದಿನಗಳಲ್ಲಿ ಅಂಗೈಯಗಲದ ಸ್ಥಳಕ್ಕೂ ಬೆಲೆಯುಂಟು. ತುಂಗಭದ್ರೆಯ ಎಡದಂಡೆ ಕಾಲುವೆಯು ಮಾನ್ವಿಯ ಸೀಮೆಗೂ ನಾರಾಯಣಪುರದ ಬಲದಂಡೆ ಕಾಲುವೆಯು ದೇವದುರ್ಗದ ಸೀಮೆಗೂ ನೀರನ್ನು ತಂದ ಮೇಲೆ ಬೆಳೆ ಹೆಚ್ಚಿತು. ಬೆಳೆಯೊಡನೆ ಯಂತ್ರಗಳೂ, ಯಂತ್ರಗಳೊಡನೆ ವಿದ್ಯುತ್ ಫಲಕಗಳೂ ಬಂದವು. ಫಲಕದ ಮುಂದೆ ಒಂದಿಷ್ಟು ನೆಲ ಬರಿದಾಗಿ ಕಾಣುತ್ತದೆ. ಅಲ್ಲಿ ನಾಲ್ಕು ಚೀಲ ಭತ್ತವನ್ನೋ ಎರಡು ಅಂಡಿಗೆ ಹತ್ತಿಯನ್ನೋ ಒಟ್ಟಿದರೆ ನಷ್ಟವೇನೆಂದು ಯಜಮಾನರಿಗೆ ತೋರುವುದು ಸಹಜ. ಆ ತೆರವು ಕೆಲಸಗಾರನ ಪ್ರಾಣರಕ್ಷಣೆಗಾಗಿ ಬಿಟ್ಟುದೆಂಬುದನ್ನು ಇಂದು ವಿವರಿಸಬೇಕೆಂದಿದ್ದೇನೆ.

1956ರ ಭಾರತೀಯ ವಿದ್ಯುತ್ ನಿಯಮಗಳು ಫಲಕದ ಮುಂದೆ ಮೂರು ಅಡಿಯಷ್ಟು ತೆರವು ಇರತಕ್ಕದ್ದೆಂದು ವಿಧಿಸಿದ್ದವು. ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಹೊರಡಿಸಿದ ನಿಯಮಗಳಲ್ಲಿಯೂ, ಅವುಗಳ ಸ್ಥಾನದಲ್ಲಿ ಬಂದ 2023ರ ನಿಯಮಗಳಲ್ಲಿಯೂ ಇದು ಒಂದು ಮೀಟರು. 250 ವೋಲ್ಟನ್ನು ಮೀರಿದ ವಿದ್ಯುತ್ತನ್ನು ಬಳಸುವ ಸ್ಥಳಗಳಿಗೆ ಇದು ಅನ್ವಯಿಸುವುದರಿಂದ ಮೂರು ಫೇಸಿನ ಗಿರಣಿಗಳು ಇದರೊಳಗೆ ಬರುತ್ತವೆ.

ಒಂದು ಮೀಟರೇ ಏಕೆ? ಫಲಕದ ಬಾಗಿಲು ಪೂರ್ತಿಯಾಗಿ ತೆರೆಯಬೇಕು; ದುರಸ್ತಿ ಮಾಡುವವನು ಬೆಳಕಿಗೆ ಅಡ್ಡವಾಗದೆ ಎರಡು ಕೈಗಳನ್ನೂ ಆಡಿಸುವಂತಿರಬೇಕು. ಎಲ್ಲಕ್ಕೂ ಮಿಗಿಲಾಗಿ, ಕಿಡಿ ಸಿಡಿದಾಗ ಮನುಷ್ಯನು ಯೋಚಿಸದೆ ಹಿಂದಕ್ಕೆ ಹಾರುತ್ತಾನೆ. ಬೆನ್ನಿಗೆ ಚೀಲಗಳ ಗೋಡೆಯಿದ್ದರೆ ಅವನು ಪುನಃ ಫಲಕದ ಮೇಲೆಯೇ ಬೀಳಬಹುದು. ಜಿನ್ನುಗಳಲ್ಲಂತೂ ಹಾರಾಡುವ ಹತ್ತಿಯ ನವಿರು ಒಂದು ಕಿಡಿಗೇ ಹೊತ್ತಿಕೊಳ್ಳಬಲ್ಲದು. ಆಗ ಮೊದಲು ಮಾಡಬೇಕಾದುದು ಮುಖ್ಯ ಸ್ವಿಚ್ಚನ್ನು ಆರಿಸುವುದು. ಅಲ್ಲಿಗೆ ಹೋಗಲು ಅಂಡಿಗೆಗಳನ್ನು ಉರುಳಿಸುತ್ತ ನಿಂತರೆ ಬೆಂಕಿ ಬಿದ್ದಾಗ ಬಾವಿ ತೋಡಿದಂತಾಗುತ್ತದೆ.

ಫಲಕದ ಹಿಂಬದಿಯ ನಿಯಮವು ಮೇಲ್ನೋಟಕ್ಕೆ ವಿಚಿತ್ರವಾಗಿದೆ. ಹಿಂದೆ ತೆರೆದ ತಂತಿಯ ಜೋಡಣೆಗಳಿದ್ದರೆ, ಅವುಗಳಲ್ಲಿ ಹೊರಚಾಚಿದ ಭಾಗದಿಂದ ಅಳೆದಾಗ ಅಲ್ಲಿಯ ತೆರವು 20 ಸೆಂಟಿಮೀಟರಿಗಿಂತ ಕಡಿಮೆಯಿರಬೇಕು, ಇಲ್ಲವೆ 75 ಸೆಂಟಿಮೀಟರಿಗಿಂತ ಹೆಚ್ಚಿರಬೇಕು. ನಡುವಣ ಅಳತೆ ಸಲ್ಲದು. ಕಾರಣ ಸುಲಭವಾಗಿದೆ. ಒಂದು ಗೇಣಿಗಿಂತ ಕಿರಿದಾದ ಸಂದಿಯಲ್ಲಿ ಯಾರೂ ನುಗ್ಗಲಾರರು. ಎರಡೂವರೆ ಅಡಿಯಿದ್ದರೆ ಒಳಹೊಕ್ಕವನು ಮೈ ತಿರುಗಿಸಿ ಹೊರಬರಬಲ್ಲನು. ಒಂದೂವರೆ ಅಡಿಯ ಸಂದಿಯಾದರೋ ಒಳಗೆ ಕರೆಯುತ್ತದೆ, ಹೊರಗೆ ಬಿಡುವುದಿಲ್ಲ. 75 ಸೆಂಟಿಮೀಟರು ಮೀರಿದ ಕಡೆ ಫಲಕದ ಎರಡು ತುದಿಗಳಿಂದಲೂ 1.8 ಮೀಟರು ಎತ್ತರದವರೆಗೆ ಅಡೆತಡೆಯಿಲ್ಲದ ದಾರಿಯಿರಬೇಕು. ಒಂದು ತುದಿಯಲ್ಲಿ ಬೆಂಕಿಯಿದ್ದರೆ ಮತ್ತೊಂದರಿಂದ ಪಾರಾಗಬೇಕಲ್ಲವೆ?

ಗಿರಣಿಯ ಯಜಮಾನರು ಸುಗ್ಗಿಗೆ ಮುಂಚೆಯೇ ಅಳತೆಯ ಪಟ್ಟಿಯೊಂದನ್ನು ಹಿಡಿದು ತಮ್ಮ ಫಲಕದ ಮುಂದನ್ನೂ ಹಿಂದನ್ನೂ ಅಳೆಯಲಿ. ಒಂದು ಮೀಟರಿನ ಗಡಿಗೆ ನೆಲದ ಮೇಲೆ ಹಳದಿ ಬಣ್ಣದ ಗೆರೆಯನ್ನೆಳೆಸಿ, ಅದನ್ನು ದಾಟಿ ಚೀಲವಿಡಬಾರದೆಂದು ಹಮಾಲರಿಗೆ ತಿಳಿಸಲಿ. ಇದಕ್ಕೆ ತಗಲುವ ವೆಚ್ಚ ಒಂದು ಡಬ್ಬಿ ಬಣ್ಣದ್ದು ಮಾತ್ರ.