ಪಾವಗಡದಿಂದ ಕಂಡ ನವೆಂಬರ್ 1
ನವೆಂಬರ್ 1 ಬಂತೆಂದರೆ ನಮ್ಮ ಪಾವಗಡದಲ್ಲಿ ಕನ್ನಡ ಬಾವುಟ ಕಟ್ಟುವ ಹುಡುಗರು ‘ಇಂಕೊಂಚೆಂ ಪೈಕಿ’ (ಇನ್ನೂ ಸ್ವಲ್ಪ ಮೇಲಕ್ಕೆ) ಎಂದು ತೆಲುಗಿನಲ್ಲೇ ಕೂಗುತ್ತಾರೆ. ನನಗಂತೂ ಅದು ಖುಷಿಯೇ. ಸುತ್ತ ಬಹುಪಾಲು ಆಂಧ್ರವಿರುವ ತಾಲ್ಲೂಕು ನೋಡಿ. 1956ರ ಈ ದಿನ ಏಕೀಕೃತ ಮೈಸೂರು ರಾಜ್ಯ ಹುಟ್ಟಿತು. ಆಂಧ್ರಪ್ರದೇಶ, ಕೇರಳ ಕೂಡ ಅಂದೇ ಹುಟ್ಟಿದವು. ಕಾಸರಗೋಡು ಕೇರಳದ ಪಾಲಾಯಿತು. ನಮ್ಮ ಪಕ್ಕದ ಮಡಕಶಿರಾದಲ್ಲಿ ಇವತ್ತಿಗೂ ಕನ್ನಡದ ಮನೆಗಳಿವೆ, ಊರು ಮಾತ್ರ ಆಂಧ್ರದ್ದು. 1973ರ ಇದೇ ತಾರೀಖು, ದೇವರಾಜ ಅರಸರ ಕಾಲದಲ್ಲಿ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. 1966ರ ಹರಿಯಾಣ, 2000ದ ಛತ್ತೀಸಗಢದ ಹುಟ್ಟುಹಬ್ಬವೂ ಇದೇ.  ಮೇಷ್ಟ್ರುಗಳೇ, ಈ ಸಲ ಮೆರವಣಿಗೆ ಮುಗಿದ ಮೇಲೆ ಮಕ್ಕಳಿಗೆ ರಾಜ್ಯಗಳ ಈ ಮರುವಿಂಗಡಣೆಗೆ ದಾರಿ ಮಾಡಿದ ಫಜಲ್ ಅಲಿ ಆಯೋಗದ ಕತೆಯನ್ನೂ ಹೇಳಿ.